ಹುಲಿಕಲ್ ರೂಟ್ ಮತ್ತು ಹಾಲಮ್ಮನವರ ಎಡಗಣ್ಣು

ಒಂದು ಊರಿಗೆ ಹೋಗಲು ಎರಡು ದಾರಿಗಳಿದ್ದರೆ ಒಳ್ಳೆಯದೆಂದು ಜನಸಾಮಾನ್ಯರು ನಂಬಿದ್ದಾರೆ. ಈ ನಂಬಿಕೆ ಬಸ್ಸುಗಳ ಮಟ್ಟಿಗೆ ಸರಿ, ಕಂಪ್ಯೂಟರುಗಳ ಮಟ್ಟಿಗೆ ತಪ್ಪು ಎಂಬುದನ್ನು ನಮ್ಮ ಮೂರು ತಾಲ್ಲೂಕು ಸಂಯುಕ್ತ ನೇತ್ರ ಚಿಕಿತ್ಸಾಲಯವು ಸ್ವಂತ ಖರ್ಚಿನಲ್ಲಿ ಸಾಬೀತುಪಡಿಸಿದೆ. ಈ ವಿಷಯದಲ್ಲಿ ಹೊರಗೆ ಕೆಲವು ಅಪಪ್ರಚಾರಗಳು ನಡೆದಿರುವುದರಿಂದ, ತೀರ್ಥಹಳ್ಳಿ ಶಾಖೆಯ ಮೇಟ್ರನ್ ಆದ ನಾನು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಚಿಕಿತ್ಸಾಲಯಕ್ಕೆ ಮೂರು ಶಾಖೆಗಳು. ಸಾಗರದಲ್ಲಿ ಆಡಳಿತ ಕಚೇರಿ, ಹೊಸನಗರದಲ್ಲಿ ಔಷಧ ದಾಸ್ತಾನು, ತೀರ್ಥಹಳ್ಳಿಯಲ್ಲಿ ಆಪರೇಷನ್ ಥಿಯೇಟರ್. ಅಂದರೆ ಕಣ್ಣು ತೀರ್ಥಹಳ್ಳಿಯಲ್ಲಿ, ಕಣ್ಣಿಗೆ ಬಿಡುವ ಹನಿ ಹೊಸನಗರದಲ್ಲಿ, ಕಣ್ಣು ಮುಟ್ಟಲು ಅಪ್ಪಣೆ ಸಾಗರದಲ್ಲಿ. ಈ ವ್ಯವಸ್ಥೆಯಿಂದ ಮೂರೂ ಊರುಗಳಿಗೆ ಸಮಾನ ಗೌರವ ಸಂದಿದೆ. ರೋಗಿಗಳ ಮಾತು ಬೇರೆ.

ಮೂರು ಶಾಖೆಗಳನ್ನು ಜೋಡಿಸಲು ಕೇಬಲ್ ಎಳೆದು, ಪ್ರತಿಯೊಂದರಲ್ಲೂ ಒಂದೊಂದು ಸ್ವಿಚ್ ಇಡಲಾಗಿತ್ತು. ಸ್ವಿಚ್ ಎಂದರೆ ದೀಪ ಹಾಕುವ ಗುಂಡಿಯಲ್ಲ. ಹಸಿರು ದೀಪಗಳು ಮಿಣುಕುವ ಒಂದು ಚಪ್ಪಟೆ ಪೆಟ್ಟಿಗೆ. ಒಂದು ಕಡೆಯಿಂದ ಬಂದ ಸಂದೇಶವನ್ನು ಉಳಿದ ಕಡೆಗೆಲ್ಲ ದಾಟಿಸುವುದು ಅದರ ಕೆಲಸ. ಸಂದೇಶದಲ್ಲಿ ಏನಿದೆ ಎಂದು ಅದು ಓದುವುದಿಲ್ಲ, ಇದನ್ನು ಮೊದಲೇ ಕಂಡಿದ್ದೇನೆಯೇ ಎಂದು ಯೋಚಿಸುವುದಿಲ್ಲ. ಈ ಗುಣಗಳಿಂದಾಗಿ ಅದು ನಮ್ಮ ಸಿಬ್ಬಂದಿಯೊಂದಿಗೆ ಬಹಳ ಬೇಗ ಹೊಂದಿಕೊಂಡಿತು.

ಇವಲ್ಲದೆ ಘಾಟಿಯ ಅಂಚಿನ ಹುಲಿಕಲ್ ಎಂಬ ಹಳ್ಳಿಯಲ್ಲಿ ಒಂದು ಹಳೆಯ ಸ್ವಿಚ್ ಇತ್ತು. ಹಿಂದೆ ಯಾವಾಗಲೋ ಅಲ್ಲಿ ಕನ್ನಡಕ ಹಂಚುವ ಶಿಬಿರ ನಡೆದಾಗ ಹೊಸನಗರದಿಂದ ಒಂದು ಕೇಬಲ್ ಎಳೆದು ಅದನ್ನು ಕೂರಿಸಿದ್ದರು. ಶಿಬಿರದ ಕೊಠಡಿಯಲ್ಲಿ ಕರೆಂಟ್ ಇರಲಿಲ್ಲವಾದ್ದರಿಂದ, ಪಕ್ಕದ ಪುಟ್ಟಪ್ಪನವರ ಹೋಟೆಲಿನಲ್ಲಿ, ಬನ್ನಿನ ಗಾಜಿನ ಭರಣಿಯ ಹಿಂದೆ ಇಟ್ಟಿದ್ದರು. ಶಿಬಿರ ಮುಗಿದು ಎಲ್ಲರೂ ವಾಪಸು ಬಂದರು. ಸ್ವಿಚ್ ಬರಲಿಲ್ಲ. ಅದನ್ನು ತರಬೇಕೆಂದು ಯಾರಿಗೂ ಆದೇಶವಾಗಿರಲಿಲ್ಲ.

ಮೊದಲಿದ್ದ ಕೇಬಲ್ ಸಾಗರದಿಂದ ಹೊಸನಗರಕ್ಕೆ, ಹೊಸನಗರದಿಂದ ತೀರ್ಥಹಳ್ಳಿಗೆ ಇತ್ತು. ಎಲ್ಲವೂ ಸರಿಯಾಗಿತ್ತು. ತೀರ್ಥಹಳ್ಳಿ ಶಾಖೆಯ ಕಾರ್ಯದರ್ಶಿ ಯೋಗರಾಜ್ ಅವರಿಗೆ ಮಾತ್ರ ಇದು ಸರಿಕಾಣಲಿಲ್ಲ. ಅವರು ಚಿಕಿತ್ಸಾಲಯಕ್ಕೆ ಬರುವ ಮೊದಲು ಬಸ್ಸು ಓಡಿಸುತ್ತಿದ್ದವರು, ಅಂದರೆ ಬಸ್ಸಿನ ಮಾಲೀಕರು.

"ನಮ್ಮ ತೀರ್ಥಳ್ಳಿ ಮೆಸೇಜು ಹೊಸನಗರ ಸ್ಟ್ಯಾಂಡಲ್ಲಿ ಇಳಿದು, ಮತ್ತೆ ಬೇರೆ ಗಾಡಿ ಹತ್ತಿ ಸಾಗರಕ್ಕೆ ಹೋಗ್ಬೇಕಾ? ಎಂತ ಮಾರಾಯ್ರೆ ಇದು, ನಾವೇನು ಗತಿಗೆಟ್ಟವ್ರಾ? ನಂಗೆ ನಾನ್‌ಸ್ಟಾಪ್ ಬೇಕು," ಎಂದು ಅವರು ಸಭೆಯಲ್ಲಿ ಮೇಜು ಕುಟ್ಟಿದರು.

ನಾನ್‌ಸ್ಟಾಪ್ ಮಂಜೂರಾಯಿತು. ತೀರ್ಥಹಳ್ಳಿಯಿಂದ ನೇರ ಸಾಗರಕ್ಕೆ ಹೊಸ ಕೇಬಲ್ ಎಳೆದರು. ಉದ್ಘಾಟನೆಯ ದಿನ ಅದಕ್ಕೆ ಹೂವಿನ ಹಾರ ಹಾಕಿ, ಟೇಪು ಕಟ್ಟಿದರು. ಮುಖ್ಯ ಅತಿಥಿಗಳು ಟೇಪಿನ ಬದಲು ಕೇಬಲ್ಲನ್ನೇ ಕತ್ತರಿಸಲು ಹೊರಟದ್ದು ಬಿಟ್ಟರೆ ಸಮಾರಂಭ ಶಿಸ್ತಿನಿಂದ ನಡೆಯಿತು. ಹೀಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಸೇರಿ ಒಂದು ಸುತ್ತು ಪೂರ್ಣವಾಯಿತು. ಸುತ್ತು ಪೂರ್ಣವಾಗಬಾರದು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಹೊಸ ಕೇಬಲ್ಲಿನ ಮೇಲೆ ಹೋಗಬೇಕಾದ ಮೊದಲ ಸಂದೇಶಕ್ಕಾಗಿ ಎಲ್ಲರೂ ಕಾಯುತ್ತಿದ್ದಾಗ ಹಾಲಮ್ಮನವರು ಬಂದರು. ಹೊಸನಗರ ರಸ್ತೆಯ ಒಂದು ಹಳ್ಳಿಯವರು. ಬಾಗಿಲ ಚೌಕಟ್ಟನ್ನು ಕೈಯಲ್ಲಿ ಸವರಿ ನೋಡಿಕೊಂಡು ಒಳಗೆ ಬಂದರು. ನಾನೇ ಕೌಂಟರಿನಲ್ಲಿದ್ದೆ.

"ಯಾವ ಕಣ್ಣು?"

"ಎರಡೂ ಮಂಜೇ, ಸಿಸ್ಟರಮ್ಮ. ಎಡದ್ದು ಮೊದ್ಲು ಮಾಡಿ. ಗೆರೆ ಹಿಡಿಯದು ಅದೇಯ."

"ಯಾವ ಗೆರೆ?"

"ಹಸೆ ಗೋಡೆ ಚಿತ್ತಾರ. ಮೊಮ್ಮಗಳು ಮಂಜುಶ್ರೀ ಮದುವೆ, ದೀಪಾವಳಿ ಕಳೆದ ಮೇಲೆ. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿಹಿಟ್ಟಲ್ಲಿ ಎಳೆ ಎಳೆಯಾಗಿ ಬರೀಬೇಕು. ಪುಂಡಿ ನಾರಿನ ಕುಂಚದಾಗೆ. ಒಂದು ಎಳೆ ಕೂದಲಷ್ಟು ದಪ್ಪ ಆದ್ರೂ ನಮ್ಮ ಕಡೆ ಹೆಂಗಸ್ರು ಊಟ ಬಿಟ್ಟು ಅದನ್ನೇ ಮಾತಾಡ್ತಾರೆ."

"ಬೇರೆ ಯಾರಾದರೂ ಬರೆಯಬಹುದಲ್ಲ?"

"ಬರಿಯದೇ ಬ್ಯಾಡ ಅಂತಾನೆ ನನ್ನ ಮಗ. ಫೋಟೋ ಹೊಡ್ಸಿ ಫ್ಲೆಕ್ಸ್ ಮಾಡ್ಸಿ ಅಂಟಿಸ್ತಾನಂತೆ. ಪೆಟ್ರೋಲ್ ಬಂಕಲ್ಲಿ ಹಾಕ್ತಾರಲ್ಲ, ಅಂಥದ್ದು. ಅದ್ರ ಮುಂದೆ ಕೂತು ನನ್ನ ಮೊಮ್ಮಗಳು ತಾಳಿ ಕಟ್ಟಿಸ್ಕೋಬೇಕಾ? ನೀವೇ ಹೇಳಿ."

ಅಭಿಪ್ರಾಯ ಹೇಳುವುದು ನನ್ನ ಕರ್ತವ್ಯದ ವ್ಯಾಪ್ತಿಗೆ ಬರುವುದಿಲ್ಲ. "ಹಾಲಮ್ಮ, ಎಡಗಣ್ಣು, ಪೊರೆ. ಅನುಮತಿ ಕೋರಿದೆ" ಎಂದು ಟೈಪು ಮಾಡಿ, ನಿಯಮದಂತೆ "ಎಲ್ಲಾ ಶಾಖೆಗಳಿಗೆ" ಎಂದು ನಮೂದಿಸಿ ಕಳಿಸಿದೆ. ಸಭಿಕರು ಚಪ್ಪಾಳೆ ತಟ್ಟಿದರು.

ಸಂದೇಶ ಸಾಗರಕ್ಕೆ ಹೋಯಿತು. ಸಾಗರದ ಸ್ವಿಚ್ ಅದನ್ನು ಹೊಸನಗರಕ್ಕೆ ದಾಟಿಸಿತು. ಹೊಸನಗರದ ಸ್ವಿಚ್ ತೀರ್ಥಹಳ್ಳಿಗೆ ದಾಟಿಸಿತು. ತೀರ್ಥಹಳ್ಳಿಯ ಸ್ವಿಚ್, ಇದು ತಾನೇ ಕಳಿಸಿದ್ದು ಎಂದು ಗುರುತಿಸದೆ, ಮತ್ತೆ ಸಾಗರಕ್ಕೆ ದಾಟಿಸಿತು. ಇನ್ನೊಂದು ಪ್ರತಿ ಎದುರು ದಿಕ್ಕಿನಲ್ಲಿ ಸುತ್ತತೊಡಗಿತು. ಒಂದೊಂದು ಸುತ್ತಿಗೂ ನಮ್ಮ ನೋಂದಣಿ ತಂತ್ರಾಂಶವು ಹೊಸ ರೋಗಿಯೊಬ್ಬರು ಬಂದರೆಂದು ಬರೆದುಕೊಂಡಿತು. ಯಾವ ಸ್ವಿಚ್ಚೂ ಕರ್ತವ್ಯಲೋಪ ಮಾಡಲಿಲ್ಲ. ಬಂದದ್ದನ್ನು ತಡಮಾಡದೆ ಮುಂದಕ್ಕೆ ಕಳಿಸುವುದೇ ಕರ್ತವ್ಯವಾಗಿರುವ ಕಡೆ ಲೋಪವನ್ನು ಹುಡುಕುವುದು ಕಷ್ಟ.

ಸಾಗರದಿಂದ ಆಡಳಿತಾಧಿಕಾರಿ ಹರ್ಷವರ್ಧನ ಅವರ ಫೋನು ಬಂತು. "ಮೇಟ್ರನ್, ನಿಮ್ಮ ಬಾಗಿಲಲ್ಲಿ ಎಷ್ಟು ಜನ ಇದ್ದಾರೆ?"

"ಒಬ್ಬರು, ಸರ್. ಬೆಂಚಿನ ಮೇಲೆ ಕಾಲು ಮಡಿಸಿ ಕೂತಿದ್ದಾರೆ. ಇಳಿಸಲು ಹೇಳಿದ್ದೇನೆ."

"ಸ್ಕ್ರೀನಿನಲ್ಲಿ ಹದಿನೇಳು ಸಾವಿರ ಇದ್ದಾರೆ."

"ಅವರು ಇನ್ನೂ ಬಂದಿಲ್ಲ, ಸರ್."

ಅವರು ದೂರದೃಷ್ಟಿಯುಳ್ಳವರು. "ಬರುತ್ತಾರೆ. ಬೆಂಚು ಸಾಲುವುದಿಲ್ಲ," ಎಂದರು.

ಮಧ್ಯಾಹ್ನದ ಊಟದ ಹೊತ್ತಿಗೆ ಹಾಲಮ್ಮಂದಿರ ಸಂಖ್ಯೆ ನಲವತ್ತು ಸಾವಿರ ದಾಟಿತು. ಅಷ್ಟರಲ್ಲಿ ಕರೆಂಟ್ ಹೋದದ್ದರಿಂದ ಅಲ್ಲಿಗೆ ನಿಂತಿತು. ಸಂಜೆ ಈ ಕೆಳಗಿನ ಪ್ರಕಟಣೆ ಹೊರಬಿತ್ತು:

"ಮೂರು ತಾಲ್ಲೂಕುಗಳ ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಈ ಭಾಗದಲ್ಲಿ ಹಾಲಮ್ಮ ಎಂಬ ಹೆಸರಿನ ಮಹಿಳೆಯರ ಎಡಗಣ್ಣಿಗೆ ಪೊರೆ ಬರುವ ಪಿಡುಗು ವ್ಯಾಪಕವಾಗಿ ಹಬ್ಬಿರುವುದನ್ನು ನಮ್ಮ ಚಿಕಿತ್ಸಾಲಯವು ಒಂದೇ ದಿನದಲ್ಲಿ ಪತ್ತೆಹಚ್ಚಿದೆ. ಸಾರ್ವಜನಿಕರು ಗಾಬರಿಯಾಗಬಾರದು. ಹಾಲಮ್ಮ ಎಂಬ ಹೆಸರಿಲ್ಲದವರು ವಿಶೇಷವಾಗಿ ಗಾಬರಿಯಾಗಬಾರದು. ಎಡಗಣ್ಣು ಮಹಾಭಿಯಾನವನ್ನು ಆರಂಭಿಸಲಾಗಿದೆ."

"ಪತ್ತೆಹಚ್ಚಿದೆ" ಎಂಬುದನ್ನು "ಪತ್ತೆಹಚ್ಚಿಧೆ" ಎಂದು ಅಚ್ಚು ಮಾಡಿದ್ದರು. ಪ್ರಕಟಣೆಯಲ್ಲಿದ್ದ ದೋಷ ಅದೊಂದೇ. ನಾನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿದೆ.

ನಮ್ಮ ಶಸ್ತ್ರಚಿಕಿತ್ಸಕಿ ಡಾಕ್ಟರ್ ವಿನಯಾ ಒಬ್ಬರೇ ಒಂದು ಪ್ರಶ್ನೆ ಕೇಳಿದರು. "ಎಲ್ಲರಿಗೂ ಎಡಗಣ್ಣೇ ಯಾಕೆ?"

ಇದಕ್ಕೊಂದು ಸಮಿತಿ ರಚನೆಯಾಯಿತು. ತೀರ್ಥಹಳ್ಳಿಯಿಂದ ಸಾಗರದ ಕಡೆಗೆ ಮುಖ ಮಾಡಿ ಬಸ್ಸಿನ ಕಿಟಕಿಯ ಪಕ್ಕ ಕೂತವರ ಎಡಗಣ್ಣಿಗೆ ಪಡುವಣ ಗಾಳಿ ಬಡಿಯುತ್ತದೆಂದು ಸಮಿತಿ ವರದಿ ಕೊಟ್ಟಿತು. ಯೋಗರಾಜ್ ಅವರಿಗೆ ಸಿಟ್ಟು ಬಂತು. "ಬಸ್ಸಿಂದ ಕಣ್ಣು ಹೋಗದಾದ್ರೆ ನನ್ನ ಕಂಡಕ್ಟ್ರಿಗೆ ಎರಡೂ ಹೋಗ್ಬೇಕಿತ್ತು. ಅವ್ನಿಗೆ ಹಿಂದಿನ ಸೀಟಲ್ಲಿ ಟಿಕೆಟ್ ತಗೊಳ್ದೆ ಕೂತವ್ನೂ ಕಾಣ್ತಾನೆ," ಎಂದರು. ಅವರ ಭಿನ್ನಾಭಿಪ್ರಾಯವನ್ನು ದಾಖಲಿಸಿಕೊಂಡು ವರದಿಯನ್ನು ಅಂಗೀಕರಿಸಲಾಯಿತು. ದಾನಿಗಳ ಒಕ್ಕೂಟವೊಂದು ವರದಿ ಓದಿ ಅನುದಾನ ಕೊಟ್ಟಿತು. ಆಡಳಿತಾಧಿಕಾರಿಗಳು ಅಂದಿನಿಂದ ಮಹಾಭಿಯಾನದ ನಿರ್ದೇಶಕರೂ ಆದರು. ನಿರ್ದೇಶಕರಿಗೆ ಒಂದು ಕಾರು ಬೇಕಾಗುತ್ತದೆ. ಅದೂ ಬಂತು.

ಅಭಿಯಾನದ ಪಟ್ಟಿಯನ್ನು ಅಂದಿನ ಸಂಖ್ಯೆಗೇ ಮುಚ್ಚಲಾಯಿತು. ಆದರೆ ಕರೆಂಟ್ ಬಂದ ಕೂಡಲೇ ಕಂಪ್ಯೂಟರು ಅದೇ ಸಂದೇಶವನ್ನು ಮತ್ತೆ ಕಳಿಸಿ ಸುತ್ತು ಆರಂಭವಾಗುತ್ತಿದ್ದುದರಿಂದ ಒಂದು ತೊಡಕು ಉಂಟಾಯಿತು. ಕೇಬಲ್ಲಿನ ಮೇಲೆ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಹಾಲಮ್ಮನವರ ಆಪರೇಷನ್ನಿಗೆ ಸಾಗರದಿಂದ ಅನುಮತಿ ಬರಬೇಕಾದ ದಾರಿಯಲ್ಲಿ ಹಾಲಮ್ಮನವರೇ ತುಂಬಿಕೊಂಡಿದ್ದರು.

ಅವರು ಮರುವಾರ ಬಂದರು. ಈ ಸಲ ಗೋಡೆ ಹಿಡಿದು ನಡೆದು ಬಂದರು.

"ನನ್ನ ಪಾಳಿ ಬಂತಾ, ಸಿಸ್ಟರಮ್ಮ?"

"ನೀವು ಯಾವ ಹಾಲಮ್ಮ?"

"ಎಂತ? ಹಾಲಮ್ಮ ಅಂದ್ರೆ ಹಾಲಮ್ಮ. ನಮ್ಮೂರಲ್ಲಿ ನಾನೊಬ್ಳೇ."

"ನಮ್ಮಲ್ಲಿ ನಲವತ್ತು ಸಾವಿರಕ್ಕೂ ಮೇಲ್ಪಟ್ಟು ಇದ್ದೀರಿ. ಪಟ್ಟಿಯಲ್ಲಿ ಹೊಸದಾಗಿ ಬಂದವರು ಮೇಲಿರುತ್ತಾರೆ. ನೀವು ಎಲ್ಲರಿಗಿಂತ ಮೊದಲು ಬಂದಿರುವುದರಿಂದ ಎಲ್ಲರಿಗಿಂತ ಕೆಳಗಿದ್ದೀರಿ."

"ಮೊದ್ಲು ಬಂದೋರ್ಗೆ ಮೊದ್ಲು ಅಲ್ದಾ?"

"ಅದು ರೇಷನ್ ಅಂಗಡಿಯ ನಿಯಮ."

ಅವರು ಹಿಂದೆ ತಿರುಗಿ, ಖಾಲಿ ಬಿದ್ದಿದ್ದ ಹೊಸ ಬೆಂಚುಗಳ ಕಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತರು. "ನಂಗೆ ಕಣ್ಣು ಕಾಣಲ್ಲ, ನಿಜ. ಆದ್ರೆ ಇಷ್ಟು ಜನ ಕೂತಿದ್ರೆ ಒಬ್ರಾದ್ರೂ ಕೆಮ್ಮಬೇಕಿತ್ತು," ಎಂದರು.

ಹೊರಡುವಾಗ, ಮಗ ಫ್ಲೆಕ್ಸಿಗೆ ಮುಂಗಡ ಕೊಟ್ಟು ಬಂದಿದ್ದಾನೆ ಎಂದು ಹೇಳಿದರು. ಅದನ್ನು ನನಗೆ ಹೇಳಿದರೋ ಬೆಂಚುಗಳಿಗೆ ಹೇಳಿದರೋ ಖಚಿತವಿಲ್ಲ.

ಔಷಧ ದಾಸ್ತಾನಿನವರೂ ದೂರತೊಡಗಿದ ಮೇಲೆ ಆಡಳಿತ ಕಚೇರಿಯು ಗುತ್ತಿಗೆಯ ಮೇಲೆ ಬಿಂದುಶ್ರೀ ಎಂಬ ನೆಟ್‌ವರ್ಕ್ ಇಂಜಿನಿಯರ್ ಅವರನ್ನು ಕರೆಸಿತು. ಆಕೆ ಜೀನ್ಸ್ ಪ್ಯಾಂಟಿನಲ್ಲಿ ಸಭೆಗೆ ಬಂದಿದ್ದರು. ಆ ಬಗ್ಗೆ ನಾನು ಪ್ರತ್ಯೇಕವಾಗಿ ಬರೆದಿದ್ದೇನೆ.

"ಸರ್, ನಿಮ್ದು ಲೂಪ್ ಆಗಿದೆ," ಎಂದರು ಆಕೆ. "ಗಾಣದೆತ್ತಿನ ಥರ ಒಂದೇ ಮೆಸೇಜು ಸುತ್ತಾ ಇದೆ. ಸ್ಪ್ಯಾನಿಂಗ್ ಟ್ರೀ ಅಂತ ಇದೆ, ಅದನ್ನ ಆನ್ ಮಾಡಿದ್ರೆ ಸರಿಹೋಗತ್ತೆ. ಎಲ್ಲಾ ಸ್ವಿಚ್ಚೂ ಸೇರಿ ಒಂದನ್ನ ರೂಟ್ ಅಂತ ಆರಿಸ್ಕೊಳ್ತವೆ. ರೂಟಿಂದ ಮರದ ಕೊಂಬೆ ಥರ ದಾರಿ ಹರಡತ್ತೆ. ಮರದಲ್ಲಿ ಕೊಂಬೆ ಕೊಂಬೆ ಮತ್ತೆ ಕೂಡ್ಕೊಳ್ಳಲ್ಲ ಅಲ್ವಾ? ಹಂಗೇ. ಹೆಚ್ಚಿನ ದಾರಿ ಇದ್ರೆ ಅದನ್ನ ತಾನೇ ಮುಚ್ಚತ್ತೆ."

ಇಂಗ್ಲಿಷಿನಲ್ಲಿ ಬೇರು ಎಂಬ ಅರ್ಥದ ಪದ ಒಂದು, ಬಸ್ಸು ಹೋಗುವ ದಾರಿ ಎಂಬ ಅರ್ಥದ ಪದ ಇನ್ನೊಂದು. ಅವುಗಳ ಕಾಗುಣಿತ ಬೇರೆ ಬೇರೆ. ಕನ್ನಡದಲ್ಲಿ ಬರೆದಾಗ ಎರಡೂ ರೂಟ್. ಸಭೆಯ ನಡಾವಳಿ ಕನ್ನಡದಲ್ಲಿತ್ತು. ನನ್ನನ್ನು ಯಾರೂ ಕೇಳಲಿಲ್ಲ, ಆದ್ದರಿಂದ ನಾನು ಹೇಳಲಿಲ್ಲ.

"ರೂಟ್ ಯಾವ ಊರಿಂದ ಹೊರಡ್ತದೆ?" ಎಂದು ಯೋಗರಾಜ್ ನೆಟ್ಟಗೆ ಕೂತರು.

"ಯಾವ್ದನ್ನ ಬೇಕಾದ್ರೂ ಮಾಡ್ಬಹುದು, ಸರ್."

"ಹಂಗಾದ್ರೆ ತೀರ್ಥಳ್ಳಿ. ರೂಟ್ ವಿಷ್ಯದಲ್ಲಿ ನಂಗೆ ಇಪ್ಪತ್ತು ವರ್ಷದ ಅನುಭವ."

"ಆಡಳಿತ ಕಚೇರಿ ಇರುವುದು ಸಾಗರದಲ್ಲಿ," ಎಂದರು ಹರ್ಷವರ್ಧನ.

ಹೊಸನಗರ ಶಾಖೆಯ ಕಾರ್ಯದರ್ಶಿ ಸುಚಿತ್ರಾ ಅದುವರೆಗೆ ಮಾತಾಡಿರಲಿಲ್ಲ. "ಎರಡೂ ಊರಿನ ಮಧ್ಯ ಇರೋದು ನಾವು. ನಮ್ಮ ಸ್ಟ್ಯಾಂಡಿಗೆ ಬರದೆ ಅದ್ಯಾವ ರೂಟ್ ಹೋಗತ್ತೋ ನಾನೂ ನೋಡ್ತೀನಿ," ಎಂದರು.

ಬಿಂದುಶ್ರೀ ಜಗಳ ಬಿಡಿಸಲು ಹೋಗಿ ಒಂದು ಮಾತು ಹೇಳಿದರು. ಪ್ರತಿ ಸ್ವಿಚ್ಚಿಗೂ ಒಂದು ಆದ್ಯತಾ ಸಂಖ್ಯೆ ಕೊಡಬೇಕು, ಅದರ ಪ್ರಕಾರ ಸ್ವಿಚ್ಚುಗಳೇ ಚುನಾವಣೆ ನಡೆಸಿಕೊಳ್ಳುತ್ತವೆ ಎಂದು. ಅತಿ ದೊಡ್ಡ ಸಂಖ್ಯೆ ಯಾವುದೆಂದು ಮೂವರೂ ಒಟ್ಟಿಗೆ ಕೇಳಿದರು. ಅರವತ್ತೊಂದು ಸಾವಿರದ ನಾನೂರ ನಲವತ್ತು.

"ಅದೇ ಹಾಕಿ ನಮಗೆ," ಎಂದರು ಹರ್ಷವರ್ಧನ.

"ಸರ್, ಇದ್ರಲ್ಲಿ ಕಡಿಮೆ ನಂಬರ್ ಇದ್ದೋರೇ ಯಜಮಾನ್ರು. ನಿಮ್ಗೆ ರೂಟ್ ಬೇಕಾದ್ರೆ ಸೊನ್ನೆ ತಗೊಳ್ಳಿ."

ಹರ್ಷವರ್ಧನ ಮುಂದಿದ್ದ ಕಾಗದವನ್ನು ದೂರ ಸರಿಸಿದರು.

"ಸೊನ್ನೆಯಾ?" ಎಂದರು ಯೋಗರಾಜ್. "ಸೊನ್ನೆ ತಗೊಂಡು ನಾನು ಕೊಪ್ಪ ಸರ್ಕಲ್ಲಲ್ಲಿ ಎಂತ ಮುಖ ಇಟ್ಕಂಡು ತಿರುಗ್ಲಿ? ಏನಮ್ಮ ನೀನು, ದೊಡ್ಡೋರು ಚಿಕ್ಕೋರು ಗೊತ್ತಾಗಲ್ವಾ?"

"ಸೊನ್ನೆಯನ್ನು ಹೊಸನಗರಕ್ಕೆ ಕೊಡಬಹುದು," ಎಂದು ಹರ್ಷವರ್ಧನ ಸೂಚಿಸಿದರು. ಸುಚಿತ್ರಾ ಚೀಲ ಎತ್ತಿಕೊಂಡು ಎದ್ದರು. ಅವರನ್ನು ಸಮಾಧಾನಪಡಿಸಿ ಕೂರಿಸಲು ಕಾಫಿ ತರಿಸಬೇಕಾಯಿತು.

ಕೊನೆಗೆ ಈ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು: "ನಮ್ಮ ಚಿಕಿತ್ಸಾಲಯದ ವ್ಯಾಪ್ತಿಯಲ್ಲಿ ದೊಡ್ಡ ಸಂಖ್ಯೆಯು ಚಿಕ್ಕ ಸಂಖ್ಯೆಗಿಂತ ದೊಡ್ಡದಾಗಿರತಕ್ಕದ್ದು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರಕ್ಕೂ ಗರಿಷ್ಠ ಸಂಖ್ಯೆಯನ್ನೇ ನೀಡತಕ್ಕದ್ದು. ಯಂತ್ರಗಳು ಇದಕ್ಕೆ ಬದ್ಧವಾಗಿರತಕ್ಕದ್ದು."

ಬಿಂದುಶ್ರೀ ಹಾಗೆಯೇ ಮಾಡಿದರು. ಯಂತ್ರಗಳು ಚುನಾವಣೆ ನಡೆಸಿದವು. ಫಲಿತಾಂಶ ನೋಡಿ ಆಕೆ ಬಾಯಿಗೆ ಕೈ ಅಡ್ಡ ಹಿಡಿದರು.

"ಯಾರು ಗೆದ್ದರು?" ಎಂದು ಆಡಳಿತಾಧಿಕಾರಿಗಳು ಕೇಳಿದರು.

"ಹುಲಿಕಲ್, ಸರ್. ಪುಟ್ಟಪ್ಪನೋರ ಹೋಟ್ಲು."

ಪುಟ್ಟಪ್ಪನವರ ಸ್ವಿಚ್ಚಿನ ಸಂಖ್ಯೆಯನ್ನು ಯಾರೂ ಮುಟ್ಟಿರಲಿಲ್ಲ. ಕಾರ್ಖಾನೆಯಿಂದ ಬಂದಾಗಿನ ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟು ಹಾಗೆಯೇ ಇತ್ತು. ನಮ್ಮ ಮೂರೂ ಸಂಖ್ಯೆಗಳಿಗಿಂತ ಅದು ಚಿಕ್ಕದು. ಹೀಗಾಗಿ ಮೂರು ತಾಲ್ಲೂಕುಗಳ ನೇತ್ರ ಚಿಕಿತ್ಸೆಯ ಮೂಲವು ಬನ್ನಿನ ಭರಣಿಯ ಹಿಂದೆ ಸ್ಥಾಪಿತವಾಯಿತು. ಬೇರು ಹುಲಿಕಲ್‌ನಲ್ಲಿ, ಕಾಂಡ ಹೊಸನಗರಕ್ಕೆ, ಅಲ್ಲಿಂದ ಒಂದು ಕೊಂಬೆ ಸಾಗರಕ್ಕೆ, ಇನ್ನೊಂದು ತೀರ್ಥಹಳ್ಳಿಗೆ. ಉಳಿದದ್ದು ಎರಡು ಕೊಂಬೆಗಳ ತುದಿಯನ್ನು ಜೋಡಿಸುವ ದಾರಿ. ಹೆಚ್ಚಿನ ದಾರಿ ಅದೇ. ಯಂತ್ರ ಅದನ್ನು ಮುಚ್ಚಿತು. ಅದು ಯೋಗರಾಜ್ ಅವರ ನಾನ್‌ಸ್ಟಾಪ್.

ಅವರು ಸ್ವಿಚ್ಚಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಮುಚ್ಚಿದ ದಾರಿಯ ದೀಪ ಹಸಿರಿನ ಬದಲು ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿತ್ತು.

"ನಮ್ದಕ್ಕೆ ಮಾತ್ರ ಯಾಕೆ ಬೇರೆ ಬಣ್ಣ?"

"ಅದು ವಿಶೇಷ ದಾರಿ, ಸರ್," ಎಂದರು ಬಿಂದುಶ್ರೀ.

ಯೋಗರಾಜ್ ಅವರಿಗೆ ಸಮಾಧಾನವಾಯಿತು. ಇಂದಿಗೂ ಅತಿಥಿಗಳು ಬಂದರೆ ಆ ದೀಪವನ್ನು ತೋರಿಸುತ್ತಾರೆ.

ಪುಟ್ಟಪ್ಪನವರ ಹೋಟೆಲಿನಲ್ಲಿ ಒಂದೇ ಒಂದು ಪ್ಲಗ್ ಇದೆ. ಚಟ್ನಿ ರುಬ್ಬಬೇಕಾದಾಗ ಅವರು ನಮ್ಮ ಸ್ವಿಚ್ಚಿನ ವೈರು ಕಿತ್ತು ಮಿಕ್ಸಿಯ ವೈರು ಹಾಕುತ್ತಾರೆ. ರೂಟ್ ಕಾಣದಾದ ಕೂಡಲೇ ಉಳಿದ ಮೂರು ಸ್ವಿಚ್ಚುಗಳು ಕೆಲಸ ನಿಲ್ಲಿಸಿ ಹೊಸ ಚುನಾವಣೆಗೆ ತೊಡಗುತ್ತವೆ. ಅವುಗಳಿಗೆ ಮೊದಲು ಒಂದು ಆಲಿಸುವ ಅವಧಿ, ಆಮೇಲೆ ಒಂದು ಕಲಿಯುವ ಅವಧಿ ಇರುತ್ತದೆ. ಇವು ನಾವು ಇಟ್ಟ ಹೆಸರುಗಳಲ್ಲ, ಯಂತ್ರದ ಪುಸ್ತಕದಲ್ಲಿಯೇ ಇವೆ. ಚಟ್ನಿ ಮುಗಿದು ವೈರು ಮತ್ತೆ ಹಾಕಿದಾಗ ಪುನಃ ಆಲಿಸುವಿಕೆ, ಪುನಃ ಕಲಿಯುವಿಕೆ. ಅಷ್ಟು ಹೊತ್ತು ಮೂರು ತಾಲ್ಲೂಕುಗಳಲ್ಲಿ ಯಾವ ಸಂದೇಶವೂ ಚಲಿಸುವುದಿಲ್ಲ.

ಬಿಂದುಶ್ರೀ ಸ್ವಿಚ್ಚನ್ನು ವಾಪಸು ತರುವಂತೆ ಸಲಹೆ ಕೊಟ್ಟರು. ಆದರೆ ಚುನಾವಣೆಯಲ್ಲಿ ಗೆದ್ದವರನ್ನು ಕಿತ್ತುಹಾಕುವುದು ಶಿಷ್ಟಾಚಾರವಲ್ಲವೆಂದು ಸಭೆ ಅಭಿಪ್ರಾಯಪಟ್ಟಿತು. ಅದಕ್ಕಿಂತ ಮುಖ್ಯವಾಗಿ, ರೂಟ್ ಹುಲಿಕಲ್‌ಗೆ ಹೋದದ್ದರಿಂದ ಅದು ಉಳಿದಿಬ್ಬರ ಊರಿಗೆ ಹೋಗಲಿಲ್ಲವೆಂಬ ತೃಪ್ತಿ ಪ್ರತಿಯೊಬ್ಬರಿಗೂ ಇತ್ತು. ಸುತ್ತೋಲೆ ಬಂತು: "ಆಲಿಸುವ ಹಾಗೂ ಕಲಿಯುವ ಅವಧಿಗಳಲ್ಲಿ ಸಮಸ್ತ ಸಿಬ್ಬಂದಿಯೂ ಎದ್ದು ನಿಂತು ಆಲಿಸತಕ್ಕದ್ದು ಹಾಗೂ ಕಲಿಯತಕ್ಕದ್ದು." ನಾನು ಇದನ್ನು ಸ್ವಾಗತಿಸಿದೆ. ನಮ್ಮ ವಾರ್ಡಿನ ಹುಡುಗಿಯರಿಗೆ ನೆಟ್ಟಗೆ ನಿಲ್ಲುವ ಅಭ್ಯಾಸ ತಪ್ಪಿಹೋಗಿತ್ತು.

ಸುತ್ತು ನಿಂತಿತು, ದಾರಿ ತೆರವಾಯಿತು. ಈಗ ಹಾಲಮ್ಮನವರಿಗೆ ಅನುಮತಿ ಬರುತ್ತದೆಂದು ನಾನು ಭಾವಿಸಿದ್ದೆ. ಬರಲಿಲ್ಲ. ಫೋನು ಮಾಡಿ ಕೇಳಿದೆ.

"ಮೇಟ್ರನ್, ನಲವತ್ತು ಸಾವಿರ ಹಾಲಮ್ಮಂದಿರಲ್ಲಿ ಒಬ್ಬರಿಗೆ ಮಾತ್ರ ಅನುಮತಿ ಕೊಟ್ಟರೆ ತಾರತಮ್ಯ ಆಗುವುದಿಲ್ಲವೇ?" ಎಂದರು ಆಡಳಿತಾಧಿಕಾರಿಗಳು. ಅವರ ದನಿಯಲ್ಲಿ ಸುಸ್ತಿತ್ತು. ದಾನಿಗಳು ದೀಪಾವಳಿಯೊಳಗೆ ಮುಕ್ತಾಯದ ವರದಿ ಕೇಳಿದ್ದರು. ನಲವತ್ತು ಸಾವಿರ ಎಡಗಣ್ಣುಗಳೂ ವಾಸಿಯಾಗಬೇಕಿತ್ತು. ಇಲ್ಲವಾದರೆ ಅನುದಾನವೂ ಕಾರೂ ಹಿಂದಕ್ಕೆ ಹೋಗುತ್ತಿದ್ದವು.

ಈ ಬಗ್ಗೆ ನಮ್ಮ ಶಾಖೆಯಲ್ಲಿ ತುರ್ತು ಸಭೆ ಸೇರಿತು. ಆಡಳಿತಾಧಿಕಾರಿಗಳೂ ಹೊಸ ಕಾರಿನಲ್ಲಿ ಬಂದಿದ್ದರು. ಹಾಲಮ್ಮನವರು ಅಂದೂ ಬಂದಿದ್ದರು, ಬಾಗಿಲ ಹೊರಗೆ ಕೂತಿದ್ದರು. ಕಾಲು ಕೆಳಗೇ ಇಟ್ಟಿದ್ದರು. ಫ್ಲೆಕ್ಸ್ ಮನೆಗೆ ಬಂದಾಗಿದೆ, ಸುರುಳಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ ಎಂದು ಯಾರಿಗೋ ಹೇಳುತ್ತಿದ್ದುದು ಒಳಗೆ ಕೇಳುತ್ತಿತ್ತು.

"ಹೆಸರು ಅಳಿಸಿಬಿಡಿ, ಸರ್. ಇರೋದು ಒಬ್ರೇ ಅಲ್ವಾ," ಎಂದರು ಬಿಂದುಶ್ರೀ.

"ನಲವತ್ತು ಸಾವಿರ ಮಹಿಳೆಯರನ್ನು ಅಳಿಸುವುದೇ? ನೀವು ಏನು ಮಾತಾಡುತ್ತಿದ್ದೀರಿ ಎಂಬ ಅರಿವಿದೆಯೇ?" ಎಂದರು ಆಡಳಿತಾಧಿಕಾರಿಗಳು.

ಆಕೆಗೆ ರೇಗಿಹೋಯಿತು. "ಹಂಗಾದ್ರೆ ಇನ್ನೊಂದ್ ಕೆಲ್ಸ ಮಾಡಿ. ಮರ ತೆಗ್ದುಬಿಡಿ. 'ಹಾಲಮ್ಮ, ಎಡಗಣ್ಣು, ಯಶಸ್ವಿ' ಅಂತ ಒಂದ್ ಮೆಸೇಜ್ ಹಾಕಿ ಸುತ್ತಕ್ ಬಿಡಿ. ಹೆಂಗೆ ಬಂತೋ ಹಂಗೇ ವಾಸಿಯಾಗತ್ತೆ!"

ಆಕೆ ಕುಹಕವಾಡಿದ್ದರು. ಆಡಳಿತಾಧಿಕಾರಿಗಳು ಪೆನ್ನು ತೆಗೆದು ಬರೆದುಕೊಂಡರು.

ಆಗ ಡಾಕ್ಟರ್ ವಿನಯಾ ಮಾತಾಡಿದರು. "ಆಪರೇಷನ್ ಮಾಡದೆ 'ಯಶಸ್ವಿ' ಅಂತ ನನ್ನ ಹೆಸರಲ್ಲಿ ಕಳಿಸೋಕೆ ಬಿಡಲ್ಲ. ಒಂದಾದ್ರೂ ನಿಜವಾಗಿ ಆಗ್ಬೇಕು."

"ಒಂದೇ?" ಎಂದರು ಆಡಳಿತಾಧಿಕಾರಿಗಳು.

"ಒಂದು."

"ಒಂದಕ್ಕೆ ಆಡಳಿತದ ಅಭ್ಯಂತರವಿಲ್ಲ. ತಾಂತ್ರಿಕ ಕಾರಣಕ್ಕೆ ಒಂದು ನಿಜವಾದ ಆಪರೇಷನ್ ಅಗತ್ಯ ಎಂದು ನಡಾವಳಿಯಲ್ಲಿ ಬರೆಯಿರಿ. ಯಾರಾದರೂ ಹಾಲಮ್ಮ ಸಿಗುತ್ತಾರೆಯೇ?"

ನಾನು ಬಾಗಿಲು ತೆರೆದೆ.

ಆಪರೇಷನ್ನಿಗೆ ಎಲ್ಲ ಸಿದ್ಧವಾಗಿ, ಡಾಕ್ಟರ್ ವಿನಯಾ ಕೈಗವಸು ಹಾಕಿಕೊಂಡು, ಸಾಗರದ ಅನುಮತಿಗಾಗಿ ಕಾಯುತ್ತಿದ್ದಾಗ ಸ್ವಿಚ್ಚಿನ ಹಸಿರು ದೀಪಗಳು ಆರಿದವು. ಹುಲಿಕಲ್‌ನಲ್ಲಿ ಚಟ್ನಿಯ ಹೊತ್ತು. ನಾವೆಲ್ಲ ಎದ್ದು ನಿಂತೆವು. ಹಾಲಮ್ಮನವರು ಮಲಗಿದ್ದಲ್ಲಿಂದಲೇ, "ಎಂತ ಆಯ್ತು, ಸಿಸ್ಟರಮ್ಮ?" ಎಂದು ಕೇಳಿದರು.

"ಆಲಿಸುತ್ತಿದ್ದೇವೆ."

"ಎಂತದನ್ನ?"

ಇದಕ್ಕೆ ಸುತ್ತೋಲೆಯಲ್ಲಿ ಉತ್ತರವಿರಲಿಲ್ಲ. ದೀಪಗಳು ಮತ್ತೆ ಹಸಿರಾದವು, ಅನುಮತಿ ಬಂತು, ಪೊರೆ ಹೋಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಹಾಲಮ್ಮನವರು ಮೊದಲು ತಮ್ಮ ಬೆರಳುಗಳನ್ನು ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು. "ನೀವು ಇಷ್ಟು ಸಣ್ಣಕಿದೀರಾ? ದನಿ ಕೇಳಿ ಆರಡಿ ಅಂದ್ಕಂಡಿದ್ದೆ," ಎಂದರು.

ಅದೇ ಬೆಳಗ್ಗೆ ಬಿಂದುಶ್ರೀ ಆದೇಶದಂತೆ ಸ್ಪ್ಯಾನಿಂಗ್ ಟ್ರೀ ತೆಗೆದರು. ನಾನು "ಹಾಲಮ್ಮ, ಎಡಗಣ್ಣು, ಯಶಸ್ವಿ" ಎಂದು ಕಳಿಸಿದೆ. ಮೂರು ಊರುಗಳ ನಡುವೆ ಯಶಸ್ಸು ಸುತ್ತತೊಡಗಿತು. ನಲವತ್ತು ಸಾವಿರ ಆದಾಗ ನಿಲ್ಲಿಸಬೇಕಿತ್ತು. ಆದರೆ ಆಡಳಿತಾಧಿಕಾರಿಗಳಿಗೆ ಸನ್ಮಾನ ನಡೆಯುತ್ತಿತ್ತು, ಪೇಟ ತೊಡಿಸುವ ಹೊತ್ತಿನಲ್ಲಿ ಅವರನ್ನು ಕೇಳುವುದು ಯಾರಿಗೂ ಸರಿಯೆನಿಸಲಿಲ್ಲ. ಮರವನ್ನು ಮತ್ತೆ ಹಾಕುವಷ್ಟರಲ್ಲಿ, ಇದ್ದ ಎಡಗಣ್ಣುಗಳಿಗಿಂತ ವಾಸಿಯಾದ ಎಡಗಣ್ಣುಗಳೇ ಹೆಚ್ಚಾಗಿದ್ದವು. ಹೆಚ್ಚುವರಿಯನ್ನು "ಯಶಸ್ಸಿನ ಮುಂಗಡ" ಎಂಬ ಹೊಸ ತಲೆಬರಹದಡಿ ಇಡಲಾಯಿತು. ದಾನಿಗಳು ಇದನ್ನು ವಿಶೇಷವಾಗಿ ಮೆಚ್ಚಿದರು.

ಮದುವೆಗೆ ನನಗೂ ಆಹ್ವಾನವಿತ್ತು. ಹೋದೆ. ಹಸೆ ಗೋಡೆಯ ಹತ್ತಿರ ನಿಂತು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಕೆಂಪು ಗೋಡೆಯ ಮೇಲೆ ಬಿಳಿಯ ಎಳೆಗಳು, ಒಂದರ ಪಕ್ಕ ಒಂದು, ಉಸಿರು ತಾಗಿದರೆ ಅಲುಗಾಡುತ್ತವೇನೋ ಎನ್ನುವಷ್ಟು ಸಣ್ಣಗೆ. ತಪ್ಪು ಹುಡುಕಲೆಂದೇ ನೋಡಿದೆ. ಸಿಗಲಿಲ್ಲ. ಫ್ಲೆಕ್ಸನ್ನು ಹೊರಗೆ ಅಡುಗೆಯವರಿಗೆ ಬಿಸಿಲು ತಾಗದಂತೆ ಕಟ್ಟಿದ್ದರು.

ಆಮೇಲೆ ಹಾಲಮ್ಮನವರು ಬಲಗಣ್ಣಿಗಾಗಿ ಬಂದರು. ಗೋಡೆ ಹಿಡಿಯದೆ, ನೇರವಾಗಿ ಕೌಂಟರಿಗೆ. ನಾನು ಸ್ಕ್ರೀನ್ ನೋಡಿ ಹೇಳಿದೆ: "ನಿಮ್ಮ ಬಲಗಣ್ಣು ವಾಸಿಯಾಗಿದೆ."

"ಯಾವಾಗ?"

"ಹೆಚ್ಚುವರಿ ಯಶಸ್ಸುಗಳಲ್ಲಿ ಒಂದನ್ನು ನಿಮ್ಮ ಬಲಗಣ್ಣಿಗೆ ಹೊಂದಾಣಿಕೆ ಮಾಡಲಾಗಿದೆ. ನಿಮಗೊಬ್ಬರಿಗೇ ಅಲ್ಲ. ಮೊನ್ನೆ ಮಂಡಗದ್ದೆಯಿಂದ ಮಂಜುನಾಥಪ್ಪ ಎಂಬುವರು ಬಂದಿದ್ದರು, ಅವರದ್ದೂ ಬರುವ ಮೊದಲೇ ವಾಸಿಯಾಗಿತ್ತು. ಕೈಮುಗಿದು ಹೋದರು. ಬಾಗಿಲು ಸಿಗದೆ ಕಿಟಕಿಯ ಕಡೆ ಹೋದರು, ನಾವೇ ತಿರುಗಿಸಿ ಕಳಿಸಿದೆವು."

ಹಾಲಮ್ಮನವರು ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ನನ್ನ ಕಡೆ ನೋಡಿದರು. "ಹಂಗಾರೆ ನೀವು ಕಾಣ್ಬೇಕಲ್ಲ. ಹೊಗೆ ಕಂಡಂಗೆ ಕಾಣ್ತೀರಿ."

"ದಾಖಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತೇನೆ."

ಅವರು ಕೈ ತೆಗೆದರು. ಜಗಳಕ್ಕೆ ನಿಲ್ಲುತ್ತಾರೆಂದುಕೊಂಡೆ. ಬದಲಿಗೆ ಸೆರಗು ಸರಿಮಾಡಿಕೊಂಡು, ಸಂತೆಯಲ್ಲಿ ಚೌಕಾಶಿಗೆ ಕೂರುವವರ ಹಾಗೆ ಬೆಂಚಿನ ಮೇಲೆ ಕೂತರು. ಕಾಲು ಮಡಿಸಿಯೇ ಕೂತರು.

"ಸಿಸ್ಟರಮ್ಮ, ನಂಗೆ ಒಂದು ಕಣ್ಣು ಆಗ್ಬೇಕು ಅಂದ್ರೆ ನಿಮ್ಗೆ ನಲವತ್ತು ಸಾವಿರ ಆಗ್ಬೇಕು. ಅಲ್ದಾ?"

"ಸ್ಥೂಲವಾಗಿ ಹೌದು."

"ಆಗ್ಲಿ ಬಿಡಿ. ನಂದೇನ್ ಹೋಗ್ತದೆ? ಅವತ್ತು ಬಾಗ್ಲಾಚೆ ಕೂತು ಎಲ್ಲಾ ಕೇಳಿದ್ದೆ. ಆ ಪ್ಯಾಂಟಿನ ಹುಡ್ಗಿಗೆ ಹೇಳಿ, ಮರ ತೆಗೀಲಿ. 'ಹಾಲಮ್ಮ, ಬಲಗಣ್ಣು' ಅಂತ ಬರ್ದು ಸುತ್ತಕ್ ಬಿಡಿ. ಸಾಹೇಬ್ರಿಗೆ ಮತ್ತೊಂದು ಅಭಿಯಾನ, ನಂಗೆ ನನ್ನ ಕಣ್ಣು. ಆ ಮಂಜುನಾಥಪ್ಪಂಗೂ ಹೇಳ್ಕಳಿಸಿ, ಅವ್ರ ಹೆಸ್ರನ್ನೂ ಒಂದ್ಸಲ ಸುತ್ತಿಸಿ. ಪಾಪ, ಕಿಟಕೀಲಿ ಬಿದ್ದಾರು."

ನಾನು ಸಾಗರಕ್ಕೆ ಫೋನು ಮಾಡಿದೆ. ಆಡಳಿತಾಧಿಕಾರಿಗಳು ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಇದೀಗ ಜಾರಿಯಲ್ಲಿರುವ ನಿಯಮ ಹೀಗಿದೆ: ಯಾವ ಕಣ್ಣಿಗೂ ಒಂಟಿಯಾಗಿ ಚಿಕಿತ್ಸೆ ನೀಡಲಾಗುವುದಿಲ್ಲ, ಪ್ರತಿ ಕಣ್ಣಿಗೂ ಒಂದು ಮಹಾಭಿಯಾನ ಇರತಕ್ಕದ್ದು. ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಈಗ ಕೌಂಟರಿಗೆ ಬಂದವರು ತಮ್ಮ ಹೆಸರು ಹೇಳಿ, "ಸುತ್ತಿಸ್ತೀರಲ್ಲ?" ಎಂದು ತಾವೇ ಕೇಳುತ್ತಾರೆ. ಒಬ್ಬರನ್ನು ಗುಣಪಡಿಸಲು ನಲವತ್ತು ಸಾವಿರ ಜನ ಬೇಕಾಗುತ್ತಾರೆ ಎಂಬುದರಲ್ಲಿ ಅವರಿಗೆ ವಿಶೇಷವೇನೂ ಕಾಣುವುದಿಲ್ಲ. ಬೇರೆ ಕಚೇರಿಗಳಿಗೂ ಹೋಗಿ ಬಂದವರು ಅವರು.

ಬಲಗಣ್ಣು ಮಹಾಭಿಯಾನದ ಉದ್ಘಾಟನೆಯ ದಿನ ನಾನು "ಹಾಲಮ್ಮ, ಬಲಗಣ್ಣು, ಪೊರೆ" ಎಂದು ಟೈಪು ಮಾಡಿ, ಮರ ತೆಗೆಯಲು ಬಿಂದುಶ್ರೀ ಅವರಿಗೆ ಬೆರಳು ಎತ್ತುವಷ್ಟರಲ್ಲಿ ಸ್ವಿಚ್ಚಿನ ದೀಪಗಳು ಆರಿದವು. ಮುಖ್ಯ ಅತಿಥಿಗಳು, ಯೋಗರಾಜ್, ಡಾಕ್ಟರ್ ವಿನಯಾ, ವಾರ್ಡಿನ ಹುಡುಗಿಯರು, ಎಲ್ಲರೂ ಎದ್ದು ನಿಂತರು. ಹಾಲಮ್ಮನವರೂ ಬೆಂಚಿನಿಂದ ಇಳಿದು, ಯಾರೂ ಹೇಳದೆ, ನನ್ನ ಪಕ್ಕ ನೆಟ್ಟಗೆ ನಿಂತರು.

"ಇವತ್ತು ಎಂತ ಚಟ್ನಿಯೋ?" ಎಂದು ಮೆಲ್ಲಗೆ ಕೇಳಿದರು.

"ಮಾತಾಡಬಾರದು. ಆಲಿಸುವ ಅವಧಿ," ಎಂದೆ.

ಅವರು ತಲೆಯಾಡಿಸಿ, ಹುಲಿಕಲ್ ಇರುವ ದಿಕ್ಕಿಗೆ ಕಿವಿಗೊಟ್ಟರು.